ಬೆರಳಿಗೆ ಪೆಟ್ಟಾದವರು ಕೆಲಸಕ್ಕೆ ಮರಳಲು ನೆರವಾದ ಕ್ರಮ

ಪೀಣ್ಯದಲ್ಲಿ ಪವರ್ ಪ್ರೆಸ್‌ಗಳ (ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಯಂತ್ರಗಳ) ಸಣ್ಣ ಘಟಕ ನಮ್ಮದು. ಬೆರಳಿಗೆ ಪೆಟ್ಟಾದವರು ಗಾಯ ಮಾಗಿದರೂ ಬರುತ್ತಿರಲಿಲ್ಲ. ಬಂದವರು ನೋವೆಂದು ಮತ್ತೆ ರಜೆ ಹಾಕುತ್ತಿದ್ದರು. ಬದಲಿಯವರ ಕೂಲಿ, ಓವರ್‌ಟೈಮ್, ತಿರಸ್ಕೃತ ಮಾಲು ಸೇರಿ ಖರ್ಚು ಏರುತ್ತಲೇ ಇತ್ತು.

ಹಾಜರಾತಿ ಬೋನಸ್ ಫಲಿಸಲಿಲ್ಲ. ಪೋಸ್ಟರ್‌ಗಳಿಂದ ಗೋಡೆ ತುಂಬಿತು, ಅಷ್ಟೇ. ಮನೆಗೆ ಫೋನ್ ಮಾಡಿದರೆ ಒತ್ತಾಯವೆಂದು ತಿಳಿದರು.

ಫಲಿಸಿದ ಕ್ರಮ ಇದು. ಅಪಘಾತದ ದಿನವೇ ರಿಜಿಸ್ಟರಿನಲ್ಲಿ ದಾಖಲೆ, ಇಎಸ್‌ಐಗೆ (ಕಾರ್ಮಿಕರ ರಾಜ್ಯ ವಿಮೆ) ಅಪಘಾತ ವರದಿ. ಇದು ತಪ್ಪಿದರೆ ರಜೆ ಸಾಮಾನ್ಯ ಕಾಯಿಲೆಯ ಲೆಕ್ಕಕ್ಕೆ ಹೋಗಿ ವೇತನದ ಶೇ. 70 ಸಿಗುತ್ತದೆ, ಕೆಲಸದ ಗಾಯಕ್ಕೆ ಶೇ. 90. ನಂತರ ವೈದ್ಯರಿಗೆ ಒಂದು ಪುಟದ ಕೆಲಸದ ವಿವರ: ಎಷ್ಟು ಕಿಲೋ ಎತ್ತಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ಕೈಯ ಹಿಡಿತ ಬೇಕು. ‘ಹಗುರ ಕೆಲಸ’ ಎಂದಷ್ಟೇ ಬರೆದರೆ ವೈದ್ಯರಾದರೂ ಏನು ಮಾಡಿಯಾರು?

ಫಿಟ್‌ನೆಸ್ ಪ್ರಮಾಣಪತ್ರ ಬಂದ ಮೇಲೆಯೇ ಗೇಟಿನೊಳಗೆ ಪ್ರವೇಶ. ಸಂಬಳ ಪಡೆದು ದುಡಿದ ದಿನಕ್ಕೆ ಇಎಸ್‌ಐ ಭತ್ಯೆ ಸಿಗದು. ಮೊದಲ ವಾರ ಗೇಜ್ ತಪಾಸಣೆ (ಮಾಲಿನ ಅಳತೆ ಪರೀಕ್ಷೆ), ಎರಡನೆಯ ವಾರ ಪ್ಯಾಕಿಂಗ್, ಆಮೇಲೆ ಪ್ರೆಸ್. ಸಂಬಳ ಮಾತ್ರ ಮೊದಲ ದಿನದಿಂದಲೇ ಪೂರ್ತಿ. ಇದನ್ನು ಕಡಿತಗೊಳಿಸಿದರೆ ಉಳಿದದ್ದೆಲ್ಲ ವ್ಯರ್ಥ. ಎರಡೂ ಕೈಗಳಿಂದ ಎರಡು ಗುಂಡಿ ಒತ್ತಿದರಷ್ಟೇ ಪ್ರೆಸ್ಸಿನ ಅಚ್ಚು ಇಳಿಯಬೇಕು; ಪ್ರೆಸ್‌ಗೆ ಕಳುಹಿಸುವ ಬೆಳಿಗ್ಗೆ ಫೋರ್‌ಮನ್ ಅವುಗಳಲ್ಲಿ ಒಂದನ್ನಷ್ಟೇ ಒತ್ತಿ ನೋಡುತ್ತಾರೆ. ಆಗಲೂ ಅಚ್ಚು ಇಳಿದರೆ ದುರಸ್ತಿಯಾಗುವವರೆಗೆ ಯಂತ್ರದ ಸ್ವಿಚ್ಚಿಗೆ ಬೀಗ.