ಬಸ್ಸಾರು ಜಾಸ್ತಿ, ಮುದ್ದೆ ಕಮ್ಮಿ

ಮಂಡ್ಯದ ಹುಡುಗಿಗೆ ಸಕ್ಕರೆ ಬರದೆ ಇನ್ನೇನು ಬರುತ್ತೆ ಅಂತ ತಮ್ಮ ಫೋನಿನಲ್ಲಿ ನಕ್ಕ. ನನಗೆ ನಗು ಬರಲಿಲ್ಲ. ಆಗ ನನಗೆ ಬಸುರಿನ ಇಪ್ಪತ್ತಾರನೇ ವಾರ. 75 ಗ್ರಾಂ ಗ್ಲೂಕೋಸ್ ಕಲಸಿದ ನೀರು ಕುಡಿಸಿ, ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ ರಕ್ತ ತೆಗೆದಿದ್ದರು. 140ರೊಳಗೆ ಇರಬೇಕಿತ್ತು. ನನ್ನದು 163, ಅಂದರೆ ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ. ಮೂರನೇ ತಿಂಗಳಲ್ಲಿ ಇದೇ ಪರೀಕ್ಷೆಯಲ್ಲಿ 118 ಇತ್ತು.

ನಾಲ್ಕು ವರ್ಷದಿಂದ ನಾನು ಮಾಂಸ, ಮೊಟ್ಟೆ, ಹಾಲು, ಮೊಸರು ಯಾವುದನ್ನೂ ಮುಟ್ಟುವುದಿಲ್ಲ. ಯಾಕೆ ಬಿಟ್ಟೆ ಅನ್ನೋದು ಬೇರೆ ಕಥೆ. ಸೊಪ್ಪು, ಕಾಳು ತಿನ್ನೋಳಿಗೆ ಸಕ್ಕರೆ ಕಾಯಿಲೆ ಎಲ್ಲಿಂದ ಬರಬೇಕು ಅನ್ನೋ ಜಂಬ ಒಳಗೊಳಗೇ ಇತ್ತು. ನಿಜ ಹೇಳಬೇಕೆಂದರೆ ಬೆಳಿಗ್ಗೆ ಮೂರು ಇಡ್ಲಿ, ಹನ್ನೊಂದಕ್ಕೆ ಬೆಲ್ಲ ಹಾಕಿದ ರಾಗಿ ಗಂಜಿ, ಸಂಜೆ ಬಾಳೆಹಣ್ಣು, ಇಲ್ಲದಿದ್ದರೆ ಸಿಹಿ ಅವಲಕ್ಕಿ. ಎಲ್ಲವೂ ಗಿಡದಿಂದ ಬಂದದ್ದೇ. ಆದರೆ ಬರೀ ಹಿಟ್ಟು, ಸಿಹಿ.

ಆಸ್ಪತ್ರೆಯಲ್ಲಿ ಕೊಟ್ಟ ಊಟದ ಚೀಟಿಯಲ್ಲಿ ಹಾಲು, ಮಜ್ಜಿಗೆ, ಮೊಸರು, ಪನೀರು, ಮೊಟ್ಟೆ ಇತ್ತು. ಅದನ್ನೆಲ್ಲ ಹೊಡೆದು ಹಾಕಿದ ಮೇಲೆ ಉಳಿದದ್ದು ಎರಡು ಚಪಾತಿ, ಸೌತೆಕಾಯಿ. ಅತ್ತೆಗೆ ಇದೇ ಸಾಕಾಯಿತು. "ಎರಡು ಜೀವ ಕಣಮ್ಮ, ಒಂದು ಮೊಟ್ಟೆನಾದ್ರೂ ತಿನ್ನು" ಅಂತ ದಿನಾ ಶುರು. ಅವರದೂ ತಪ್ಪಲ್ಲ, ಗೌಡರ ಮನೆಯಲ್ಲಿ ಬಸುರಿಗೆ ಕಾಲು ಸೂಪು ಕೊಡದೆ ಇರೋದು ಅಂದ್ರೆ ಹೇಗೆ?

ಡಾಕ್ಟರಮ್ಮ ಮೂರು ಸಂಖ್ಯೆ ಬರೆದುಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 95ರೊಳಗೆ, ಊಟವಾಗಿ ಒಂದು ಗಂಟೆಗೆ 140ರೊಳಗೆ, ಎರಡು ಗಂಟೆಗೆ 120ರೊಳಗೆ. ಮನೆಯಲ್ಲೇ ಸಕ್ಕರೆ ನೋಡಲು ಗ್ಲುಕೋಮೀಟರ್ ತಂದೆವು. ರಕ್ತದ ಹನಿ ಹಾಕುವ ಪಟ್ಟಿಗಳೇ ದುಬಾರಿ, ಆದರೂ ಮೊದಲ ಎರಡು ವಾರ ಲೆಕ್ಕ ನೋಡಲಿಲ್ಲ. ತಿಂದದ್ದು, ತಿಂದ ಹೊತ್ತು, ಬಂದ ಸಂಖ್ಯೆ ಮೂರನ್ನೂ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬೆರಳ ತುದಿಯ ನಡುವೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ. ನೋವು ಕಮ್ಮಿ.

ಮೊದಲ ಪೆಟ್ಟು ರಾಗಿ ಗಂಜಿಯಿಂದ. ಬೆಲ್ಲ ಬಿಟ್ಟೇ ಕುಡಿದಿದ್ದೆ, ಒಂದು ಗಂಟೆಗೆ 158. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರಲ್ಲ, ಹಾಗಾದರೆ ಇದೇನು? ನುಣ್ಣಗೆ ಬೀಸಿದ ಹಿಟ್ಟು, ಅದನ್ನು ನೀರಾಗಿ ಬೇಯಿಸಿ ಕುಡಿದರೆ ಹೊಟ್ಟೆಗೆ ಅರೆಯುವ ಕೆಲಸವೇ ಇಲ್ಲ, ಸರ್ರಂತ ರಕ್ತಕ್ಕೆ ಹೋಗುತ್ತೆ. ಇಡ್ಲಿಯದೂ ಅದೇ ಪಾಡು, ಮೂರು ತಿಂದರೆ 164. ವಿಚಿತ್ರ ಅಂದ್ರೆ ಅದೇ ಮೂರು ಇಡ್ಲಿ ಸಂಜೆ ತಿಂದರೆ 140ರ ಆಸುಪಾಸು. ಬೆಳಗಿನ ಹೊತ್ತು ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಮೈ ಅಷ್ಟು ಬಗ್ಗುವುದಿಲ್ಲವಂತೆ. ಹಾಗಾಗಿ ಬೆಳಗಿನ ತಿಂಡಿಯನ್ನೇ ಬದಲಾಯಿಸಿದೆ. ನೆನೆಸಿದ ಹೆಸರುಕಾಳು ರುಬ್ಬಿ ಎರಡು ದೋಸೆ, ಜೊತೆಗೆ ಹುಚ್ಚೆಳ್ಳಿನ ಚಟ್ನಿ. 124. ಮೀಟರ್ ಕೆಟ್ಟಿದೆಯೇನೋ ಅಂತ ಮತ್ತೊಮ್ಮೆ ಚುಚ್ಚಿಕೊಂಡೆ!

ಆಗ ಒಂದು ಎಡವಟ್ಟು ಮಾಡಿದೆ. ಸಂಖ್ಯೆ ಇಳಿಯೋದು ನೋಡಿ ಹುರುಪು ಬಂದು, ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟುಬಿಟ್ಟೆ. ನಾಲ್ಕೇ ದಿನಕ್ಕೆ ತಲೆ ಸುತ್ತು. ಮೂತ್ರ ಪರೀಕ್ಷೆಯಲ್ಲಿ ಕೀಟೋನ್ ಬಂತು. ಅಂದರೆ ಮೈ ಹಸಿದು ತನ್ನ ಕೊಬ್ಬನ್ನೇ ಕರಗಿಸುತ್ತಿತ್ತು. ಬಸುರಿಗೆ ದಿನಕ್ಕೆ ಕಡೇಪಕ್ಷ 175 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಬಿಡೋದಲ್ಲ, ಹಂಚಿಕೊಂಡು ತಿನ್ನಬೇಕು ಅಂತ ಡಾಕ್ಟರಮ್ಮ ಗದರಿದರು.

ಮಧ್ಯಾಹ್ನದ ಊಟಕ್ಕೆ ದಾರಿ ತೋರಿಸಿದ್ದು ಅತ್ತೆಯ ಒಲೆಯೇ. ಬಸ್ಸಾರು, ಉಪ್ಪುಸಾರು, ಮಸೊಪ್ಪು, ಹುರುಳಿಕಾಳಿನ ಸಾರು. ಇವುಗಳಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಅಮಾವಾಸ್ಯೆ, ಹಬ್ಬದ ಬಾಡೂಟ ಬಿಟ್ಟರೆ ಈ ಮನೆ ಊಟ ಮೊದಲಿಂದಲೂ ನನ್ನದೇ ಊಟ! ತಪ್ಪಿದ್ದದ್ದು ಅಳತೆಯಲ್ಲಿ. ಅತ್ತೆ ಕಟ್ಟುವ ಮುದ್ದೆ ತೂಗಿ ನೋಡಿದೆ, ಹತ್ತಿರ ಹತ್ತಿರ 300 ಗ್ರಾಂ. ಅದರ ಪಕ್ಕಕ್ಕೆ ಒಂದು ಸೌಟು ಸಾರು, ಒಂದು ಚಮಚ ಪಲ್ಯ. ಅದನ್ನು ತಿರುಗಿಸಿದೆ. ಮುದ್ದೆ ಅರ್ಧಕ್ಕಿಂತ ಕಮ್ಮಿ. ಬಸಿದ ಕಾಳು, ಸೊಪ್ಪಿನ ಪಲ್ಯ ಒಂದು ಬಟ್ಟಲು ತುಂಬಾ. ಮೊದಲು ಕೋಸಂಬರಿ, ಆಮೇಲೆ ಪಲ್ಯ, ಕೊನೆಗೆ ಮುದ್ದೆ. ಊಟವಾದ ಮೇಲೆ ತಾರಸಿ ಮೇಲೆ ಹದಿನೈದು ನಿಮಿಷ ನಡಿಗೆ. 156 ಬರುತ್ತಿದ್ದದ್ದು 129ಕ್ಕೆ ನಿಂತಿತು. "ಇದೇನಮ್ಮ, ಸಾರು ತಿಂದು ಮುದ್ದೆ ನಂಚ್ಕೊಂಡಂಗೆ" ಅಂತ ಅತ್ತೆ ಬೇಜಾರು ಮಾಡಿಕೊಂಡರು. ಪುಣ್ಯಕ್ಕೆ ಆಗ ಅವರೆಕಾಯಿ ಕಾಲ. ಸೊಗಡವರೆ, ಹಿತಕಿದ ಬೇಳೆ ಅಂತ ದಿನಕ್ಕೊಂದು ಬಗೆ ಮಾಡಿ ಹಾಕಿದ್ದೂ ಅವರೇ.

ಸಂಜೆ ಹಸಿವಿಗೆ ಬೇಯಿಸಿದ ಕಡಲೆಕಾಯಿ. ವಾರಕ್ಕೆರಡು ಸಲ ಸೋಯಾ ಚಂಕ್ಸ್. ಬಿ12 ಮಾತ್ರ ಗಿಡಗಳಲ್ಲಿ ಸಿಗುವುದಿಲ್ಲ, ಮಾತ್ರೆ ತೆಗೆದುಕೊಳ್ಳಲೇಬೇಕು, ಇದರಲ್ಲಿ ಹಟ ಬೇಡ. ಕಬ್ಬಿಣದ ಮಾತ್ರೆಗೆ ನಿಂಬೆ ನೀರು. ಕಾಫಿ ಮತ್ತು ಕ್ಯಾಲ್ಸಿಯಂ ಮಾತ್ರೆ ಅದರಿಂದ ದೂರ, ಬೇರೆ ಹೊತ್ತಿಗೆ. ಆಲೆಮನೆ ಬೆಲ್ಲ ಸಕ್ಕರೆ ಅಲ್ಲ ಅಂತ ಹೇಳುವವರು ನಮ್ಮೂರಲ್ಲಿ ಬೇಕಾದಷ್ಟು ಜನ. ಮೀಟರಿಗೆ ಆ ವ್ಯತ್ಯಾಸ ಗೊತ್ತಾಗಲಿಲ್ಲ.

ಇಷ್ಟೆಲ್ಲ ಮಾಡಿಯೂ ಮೂವತ್ತನೇ ವಾರದಲ್ಲಿ ಬೆಳಗಿನ ಖಾಲಿ ಹೊಟ್ಟೆಯ ಸಂಖ್ಯೆ ಕೆಳಗೆ ಬರಲಿಲ್ಲ. 101, 99, 104. ರಾತ್ರಿ ಊಟ ಏಳಕ್ಕೇ ಮಾಡಿದೆ, ಮಲಗುವಾಗ ನಾಲ್ಕು ಬಾದಾಮಿ ತಿಂದೆ, ತಿನ್ನದೆಯೂ ನೋಡಿದೆ. ಉಹ್ಞೂಂ. ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಅಂದಾಗ ಅಲ್ಲೇ ಅತ್ತುಬಿಟ್ಟೆ. ಡಾಕ್ಟರಮ್ಮ ಕೇಳಿದರು, "ರಾತ್ರಿಯಿಡೀ ನೀನೇನೂ ತಿಂದಿಲ್ಲ ತಾನೆ? ಮತ್ತೆ ಇದು ನಿನ್ನ ಊಟದ ತಪ್ಪು ಹೇಗಾಗುತ್ತೆ?" ಮಾಸು, ಅಂದರೆ ಪ್ಲಾಸೆಂಟಾ, ಬೆಳೆದ ಹಾಗೆಲ್ಲ ಅದರ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತವೆ. ನಾವು ಮಲಗಿದ್ದಾಗಲೂ ಪಿತ್ತಜನಕಾಂಗ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಕೆಲವರಿಗೆ ಊಟ, ನಡಿಗೆ ಸಾಕು, ಕೆಲವರಿಗೆ ಸಾಲದು. ಸೂಜಿ ಕೂದಲಿನಷ್ಟು ಸಣ್ಣ. ಎರಡನೇ ದಿನದಿಂದ ಅಳು ಬರಲಿಲ್ಲ. ವಾರದಲ್ಲಿ ಬೆಳಗಿನದು 90ರ ಹತ್ತಿರಕ್ಕೆ ಬಂತು.

ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ ಸಕ್ಕರೆ ಅಚ್ಚು ಕೈಗಿಟ್ಟರು. ಒಂದು ಚಮಚ ಎಳ್ಳು, ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡು ಅಚ್ಚುಗಳನ್ನೆಲ್ಲ ಡಬ್ಬಿಗೆ ಸೇರಿಸಿದೆ. ಸೀಮಂತದ ದಿನ ಮಾತ್ರ ಅರ್ಧ ಒಬ್ಬಟ್ಟು ತಿಂದೆ. 151. ಬರೆದಿಟ್ಟಿದ್ದೇನೆ, ಬೇಜಾರಿಲ್ಲ.

ಮಗಳು ಹುಟ್ಟಿದ್ದು ಮೂವತ್ತೊಂಬತ್ತನೇ ವಾರದಲ್ಲಿ, 2.9 ಕೆ.ಜಿ. ಹುಟ್ಟಿದ ಮೇಲೆ ಅವಳ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು. ಅಮ್ಮನ ಸಕ್ಕರೆಗೆ ಒಗ್ಗಿಕೊಂಡ ಮಗುವಿಗೆ ಹೊರಗೆ ಬಂದ ಕೂಡಲೇ ಅದು ಇಳಿದುಬಿಡಬಹುದಂತೆ. ಅವಳದು ಸರಿಯಾಗಿತ್ತು. ಬೇಗ ಎದೆಗೆ ಹಾಕಿಕೊಂಡೆ. ನನ್ನ ಇನ್ಸುಲಿನ್ ಅವತ್ತೇ ನಿಂತಿತು.

ಆರು ವಾರಕ್ಕೆ ಮತ್ತೆ ಅದೇ 75 ಗ್ರಾಂ ಗ್ಲೂಕೋಸ್ ನೀರು. ಈ ಸಲ ಮಗು ತೊಡೆ ಮೇಲೆ, ಅತ್ತೆ ಪಕ್ಕದಲ್ಲಿ. 112 ಬಂತು. ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ನನಗೆ ಜಾಸ್ತಿ, ವರ್ಷಕ್ಕೊಮ್ಮೆ ನೋಡಿಸಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಮನೆಗೆ ಬಂದಾಗ ಅತ್ತೆ ಬಸ್ಸಾರು ಬಿಸಿ ಮಾಡಿ, ಮುದ್ದೆ ಕಟ್ಟುತ್ತಾ ನನ್ನ ಮುಖ ನೋಡಿದರು. "ಸಣ್ಣದೇ ಇರ್ಲಿ ಅತ್ತೆ" ಅಂದೆ.