'ನಾವು' ಬಾಯಿಗೆ ಬಂದರೆ ಆಕ್ಟಿವ್, ಬರದಿದ್ದರೆ ಪ್ಯಾಸಿವ್: ನನ್ನ ಅನುಭವ

ಧಾರವಾಡದಲ್ಲಿ ಕೂತು ಕೃಷಿ ವಿಜ್ಞಾನದ ಪೇಪರುಗಳ ಇಂಗ್ಲಿಷ್ ತಿದ್ದಿಕೊಡುತ್ತೇನೆ. ಒಂಬತ್ತು ವರ್ಷ ಆಗಿರಬೇಕು. ಇಂಗ್ಲಿಷಿನಲ್ಲಿ ಒಂದೇ ಮಾತನ್ನು 'ವಿ ಡ್ರೈಡ್ ದ ಸಾಯಿಲ್' (ನಾವು ಮಣ್ಣು ಒಣಗಿಸಿದೆವು) ಅಂತ ಆಕ್ಟಿವ್ ವಾಯ್ಸಿನಲ್ಲೋ, 'ದ ಸಾಯಿಲ್ ವಾಸ್ ಡ್ರೈಡ್' (ಮಣ್ಣನ್ನು ಒಣಗಿಸಲಾಯಿತು) ಅಂತ ಪ್ಯಾಸಿವ್ ವಾಯ್ಸಿನಲ್ಲೋ ಹೇಳಬಹುದು. "ವಾಯ್ಸ್ ಆರಿಸುವಾಗ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡುತ್ತೇನೆ" ಅಂದಾಗ ಜೊತೆಯ ಎಡಿಟರುಗಳು ನಕ್ಕಿದ್ದರು. ಕನ್ನಡದಲ್ಲಿ ಯೋಚಿಸಿದರೆ ಇಂಗ್ಲಿಷ್ ಕೆಡುತ್ತೆ ಅಂತ ಸ್ಕೂಲಿನಲ್ಲೇ ನಮ್ಮ ತಲೆಗೆ ತುಂಬಿದ್ದಾರಲ್ಲ. ಹೋದ ತಿಂಗಳು ನಕ್ಕವರಲ್ಲೇ ಒಬ್ಬರು ಫೋನ್ ಮಾಡಿ, "ಆ ಕನ್ನಡದ ಉಪಾಯ ಏನು, ಹೇಳ್ರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಆಕ್ಟಿವ್ ಪಕ್ಷ. ಪ್ಯಾಸಿವ್ ಕಂಡರೆ ಕಳೆ ಕಿತ್ತ ಹಾಗೆ ಕೀಳುತ್ತಿದ್ದೆ. ಮೈಕ್ರೋಸಾಫ್ಟ್ ವರ್ಡ್ ತೋರಿಸುತ್ತಿದ್ದ ಪ್ಯಾಸಿವ್ ವಾಕ್ಯಗಳ ಶೇಕಡಾ ಲೆಕ್ಕ 40ರಿಂದ 3ಕ್ಕೆ ಇಳಿದರೆ ನನಗೆ ಹಬ್ಬ. ಒಂದು ಮಣ್ಣಿನ ಪೇಪರಿನ ಮೆಥಡ್ಸ್ ಭಾಗ (ಪ್ರಯೋಗ ಹೇಗೆ ನಡೆಯಿತು ಅಂತ ಹೇಳುವ ಭಾಗ) ಹೀಗಾಯಿತು: ವಿ ಕಲೆಕ್ಟೆಡ್, ವಿ ಡ್ರೈಡ್, ವಿ ಸೀವ್ಡ್, ವಿ ವೇಯ್ಡ್. ಎರಡು ಪುಟದಲ್ಲಿ ಇಪ್ಪತ್ತಕ್ಕೂ ಜಾಸ್ತಿ 'ವಿ'. ಪೇಪರ್ ಮಣ್ಣಿನ ಬಗ್ಗೆಯೋ ಇವರ ಬಗ್ಗೆಯೋ ಅನ್ನುವ ಹಾಗಿತ್ತು. ಗಿರಾಕಿ 4,500 ರೂಪಾಯಿಯಲ್ಲಿ ಒಂದು ಪೈಸೆ ಬಿಚ್ಚಲಿಲ್ಲ. ಆಗ ಸಿಟ್ಟು ಬಂದಿತ್ತು. ಈಗ ಓದಿದರೆ, ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಆಮೇಲೆ ಉಲ್ಟಾ ಹೊಡೆದೆ. ವಿಜ್ಞಾನ ಅಂದರೆ ಪ್ಯಾಸಿವ್ ಅಂತ ಎಲ್ಲಕ್ಕೂ 'ವಾಸ್' ಹಾಕಿದೆ. 'ಇಟ್ ವಾಸ್ ಕನ್‌ಕ್ಲೂಡೆಡ್' ಅಂದರೆ ತೀರ್ಮಾನ ಯಾರದು? ಇವರದೋ, ಹಿಂದಿನ ಪೇಪರಿನವರದೋ? ಪತ್ರಿಕೆಯ ಪರವಾಗಿ ಪೇಪರ್ ಪರಿಶೀಲಿಸುವ ರಿವ್ಯೂವರ್ ಅದನ್ನೇ ಕೇಳಿದರು. ಮೂರು ರಾತ್ರಿ ಕೂತು ಪುಕ್ಕಟೆ ತಿದ್ದಿಕೊಟ್ಟೆ.

ಆ ಪೇಪರಿನ ಹುಡುಗ ಫೋನಿನಲ್ಲಿ ತನ್ನ ಕೆಲಸ ವಿವರಿಸುತ್ತಿದ್ದ. "ಮಣ್ಣನ್ನ ನೆರಳಲ್ಲಿ ಒಣಗಿಸಿದ್ವಿ ಸರ್. 2 ಮಿ.ಮೀ. ಜರಡಿ ಹಿಡಿದ್ವಿ. ಆದ್ರೆ ಮೂರನೇ ಹೊಲ ನಾವು ಬೇಕಂತಲೇ ಬಿಟ್ವಿ." ಅಲ್ಲಿ ನನಗೆ ದೀಪ ಹತ್ತಿತು. ಒಣಗಿಸೋಕೆ, ಜರಡಿಗೆ 'ನಾವು' ಬೇಕಾಗಲಿಲ್ಲ. ಹೊಲ ಬಿಟ್ಟಿದ್ದು ಅವರದೇ ನಿರ್ಧಾರ, ಅಲ್ಲಿ 'ನಾವು' ತಾನಾಗೇ ಬಂತು. ಕನ್ನಡದಲ್ಲಿ 'ನಾವು' ಅಂತ ತಿಳಿಸುವ 'ವಿ' ಕ್ರಿಯಾಪದದ ಬಾಲದಲ್ಲೇ ಕೂತಿರುತ್ತೆ (ಇಂಗ್ಲಿಷಿನ 'ವಿ'ನೂ ಅದೇ ಸದ್ದು, ತಮಾಷೆ ಅಲ್ವಾ). 'ಅನ್ನು' ಹಚ್ಚಿದರೆ ಮಣ್ಣು ಮುಂದೆ ಬಂದು ನಿಲ್ಲುತ್ತೆ. ಇಂಗ್ಲಿಷಿಗೆ ಆ ಸೌಕರ್ಯ ಇಲ್ಲ. ಮಣ್ಣು ಮುಂದೆ ಬರಬೇಕಾದರೆ 'ದ ಸಾಯಿಲ್ ವಾಸ್ ಡ್ರೈಡ್' ಅನ್ನಲೇಬೇಕು. ಬಾಯಿಬಿಟ್ಟು 'ನಾವು' ಅಂದ ಕಡೆ ಮಾತ್ರ 'ವಿ ಎಕ್ಸ್‌ಕ್ಲೂಡೆಡ್'.

'ವಿ' ಬರೆದರೆ ವಿದ್ಯಾರ್ಥಿಗಳ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಕೆಲವು ಗೈಡುಗಳು ಕೆಂಪು ಗೆರೆ ಎಳೆಯುತ್ತಾರೆ. ಅವರಿಗೆ 1953ರ ನೇಚರ್ ಪತ್ರಿಕೆಯ ಪುಟ ಕಳಿಸುತ್ತೇನೆ. ಡಿಎನ್‌ಎ ರಚನೆ ಬಗ್ಗೆ ವಾಟ್ಸನ್, ಕ್ರಿಕ್ ಬರೆದ ಪೇಪರ್ ಶುರುವಾಗುವುದೇ 'ವಿ ವಿಶ್ ಟು ಸಜೆಸ್ಟ್' (ನಾವು ಸೂಚಿಸಬಯಸುತ್ತೇವೆ) ಅಂತ. ಆಮೇಲೆ ಜಾಸ್ತಿ ವಾದ ಬರುವುದಿಲ್ಲ.

ಉಪಾಯ ಕೈಕೊಡುವ ಜಾಗವೂ ಇದೆ. 'ಇಳುವರಿ ಜಾಸ್ತಿಯಾಯಿತು' ಅನ್ನುವಲ್ಲಿ 'ನಾವು' ಇಲ್ಲ ಅಂತ 'ವಾಸ್ ಇನ್‌ಕ್ರೀಸ್ಡ್' ಬರೆದು ನಾನೇ ಏಟು ತಿಂದಿದ್ದೇನೆ. ಅದು 'ದ ಯೀಲ್ಡ್ ಇನ್‌ಕ್ರೀಸ್ಡ್' ಅಷ್ಟೇ. ಯಾರೋ ಮಾಡಿದ್ದು ಬೇರೆ, ತಾನೇ ಆಗಿದ್ದು ಬೇರೆ. 'ನಮಗೆ 12 ಹುಳು ಸಿಕ್ಕವು' ಅಂದಾಗಲೂ ಹುಷಾರು. ಆ 'ನಮಗೆ'ಯನ್ನೂ 'ನಾವು' ಅಂತಲೇ ಲೆಕ್ಕ ಹಿಡಿಯುತ್ತೇನೆ, 'ವಿ ಫೌಂಡ್'.

ಸುಮ್ನೆ ಒಂದು ಸಲ ಸರ್ಕಾರಿ ಪತ್ರಗಳ ಮೇಲೂ ಇದನ್ನು ಪ್ರಯೋಗ ಮಾಡಿದೆ. ಪೂರ್ತಿ ಫೇಲು. 'ಕೋರಲಾಗಿದೆ', 'ತಿಳಿಸಲಾಗಿದೆ' ಅನ್ನುವ ಕನ್ನಡದಲ್ಲಿ 'ನಾವು'ಗೆ ಜಾಗವೇ ಇಲ್ಲ, ಎಲ್ಲವೂ ಪ್ಯಾಸಿವ್ ಕಡೆ ವಾಲುತ್ತೆ. ಬಾಯಿಮಾತಿನ ಕನ್ನಡವೇ ಬೇಕು. ಬರೆದವರ ಹತ್ತಿರವೇ ಫೋನಿನಲ್ಲಿ ಹೇಳಿಸಿದರೆ ಇನ್ನೂ ಒಳ್ಳೆಯದು. ಹತ್ತು ನಿಮಿಷದ ಫೋನು ಸುಮಾರು ಎರಡು ಗಂಟೆ ಕೆಲಸ ಉಳಿಸುತ್ತೆ.

ಆಗ ಪದಕ್ಕೆ 80 ಪೈಸೆ ತಗೊಳ್ಳುತ್ತಿದ್ದೆ, ಈಗ ಒಂದೂಮುಕ್ಕಾಲು ರೂಪಾಯಿ. ಹಣ ಕೊಡದ ಆ ಗಿರಾಕಿಯೇ ಈಗ ತಮ್ಮ ವಿದ್ಯಾರ್ಥಿಗಳನ್ನು ಕಳಿಸುತ್ತಾರೆ. ಫಲಿತಾಂಶದ ಅರ್ಥ ಚರ್ಚಿಸುವ ಡಿಸ್ಕಷನ್ ಭಾಗಕ್ಕೆ ಬೇರೆಯೇ ಒಂದು ಉಪಾಯ ಇದೆ. ಅದನ್ನು ಫೋನ್ ಮಾಡಿದ ಗೆಳೆಯರಿಗೂ ಹೇಳಲಿಲ್ಲ.