ಸ್ಟೋಮಾ ಸುತ್ತಲಿನ ಚರ್ಮ: ಮಳೆಗಾಲದಲ್ಲಿ ನಾನು ಕಲಿತದ್ದು

ಐಲಿಯೋಸ್ಟೊಮಿ ಅಂದರೆ ಸಣ್ಣ ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದು ಮಲ ಹೊರಬರಲು ದಾರಿ ಮಾಡುವ ಆಪರೇಷನ್; ಆ ಬಾಯಿಗೇ ಸ್ಟೋಮಾ ಅನ್ನುತ್ತಾರೆ. ಅದು ಆಗಿ ಐದನೇ ವಾರಕ್ಕೆ ನನ್ನ ಹೊಟ್ಟೆಯ ಚರ್ಮ ಹಸಿ ಗಾಯದ ಹಾಗಾಗಿತ್ತು. ನೀರು ತಾಗಿದರೂ ಉರಿ. ತೀರ್ಥಹಳ್ಳಿಯ ಜಡಿಮಳೆ ಬೇರೆ. ಮಲ ತುಂಬುವ ಬ್ಯಾಗನ್ನು ಸ್ಟೋಮಾ ಸುತ್ತ ಚರ್ಮಕ್ಕೆ ಹಿಡಿಸುವ ಪ್ಲೇಟಿನ ಅಂಟು ನನಗೆ ಆಗಿಬರುತ್ತಿಲ್ಲ ಅಂದುಕೊಂಡು ಬೇರೆ ಕಂಪನಿಯದು ತರಿಸಿದೆ. ಉರಿ ಮಾತ್ರ ಹಾಗೇ ಇತ್ತು.

ಶಿವಮೊಗ್ಗಕ್ಕೆ ತೋರಿಸಲು ಹೋದಾಗ ನರ್ಸ್ ಪ್ಲೇಟ್ ಬಿಡಿಸಿ, ತಿರುಗಿಸಿ ನೋಡಿದರು. ಕೆಳಗಡೆ ಅಂಟು ಕರಗಿ ಮಲ ನುಗ್ಗಿದ ಗುರುತಿತ್ತು. ಚರ್ಮ ಕೆಂಪಾಗಿದ್ದೂ ಸರಿಯಾಗಿ ಅದೇ ಜಾಗದಲ್ಲಿ! ಆಪರೇಷನ್ ಆದಮೇಲೆ ಆರರಿಂದ ಎಂಟು ವಾರ ಸ್ಟೋಮಾ ಕುಗ್ಗುತ್ತಾ ಬರುತ್ತದೆ. ನಾನು ಮೊದಲ ದಿನದ ಅಳತೆಗೇ ಪ್ಲೇಟಿನ ತೂತು ಕತ್ತರಿಸುತ್ತಿದ್ದೆ. ಸಣ್ಣ ಕರುಳಿನಿಂದ ಬರುವ ಮಲ ನೀರುನೀರು, ಅದರಲ್ಲಿ ಜೀರ್ಣರಸವೂ ಇರುತ್ತದೆ. ಸುತ್ತ ತೆರೆದುಕೊಂಡ ಚರ್ಮವನ್ನು ಅದು ಸುಟ್ಟ ಹಾಗೆ ಮಾಡುತ್ತದೆ.

ಅಂದಿನಿಂದ ಪ್ರತಿ ಸಲವೂ ಅಳತೆ ನೋಡಿಯೇ ಕತ್ತರಿಸಿದೆ. ಸ್ಟೋಮಾಕ್ಕಿಂತ ತೂತು 2–3 ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ತೆಗೆದ ಪ್ಲೇಟನ್ನು ಎಸೆಯುವ ಮುಂಚೆ ಅದರ ಬೆನ್ನು ನೋಡುವುದನ್ನು ಈಗಲೂ ಬಿಟ್ಟಿಲ್ಲ. ಎಲ್ಲಿ ಸೋರಿದೆ ಅಂತ ಅದೇ ಹೇಳುತ್ತದೆ. ದಯವಿಟ್ಟು ನೀವೂ ನೋಡಿ.

ನಾನು ಬದಲಾಯಿಸುವುದು 3–4 ದಿನಕ್ಕೊಮ್ಮೆ, ಬೆಳಿಗ್ಗೆ ಕಾಫಿಗೂ ಮುಂಚೆ. ಹೊಟ್ಟೆ ಖಾಲಿ ಇದ್ದಾಗ ಸ್ಟೋಮಾ ಸ್ವಲ್ಪ ಸುಮ್ಮನಿರುತ್ತದೆ. ಅಡಿಯಲ್ಲಿ ಉರಿ, ತುರಿಕೆ ಶುರುವಾದರೆ ದಿನ ಎಣಿಸುವುದಿಲ್ಲ, ಆಗಲೇ ತೆಗೆಯುತ್ತೇನೆ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು ಮೇಲಿಂದ ಕೆಳಕ್ಕೆ ನಿಧಾನ ಬಿಡಿಸಬೇಕು. ಹಂಡೆ ನೀರಿಗೆ ತಣ್ಣೀರು ಬೆರೆಸಿ, ಉಗುರುಬೆಚ್ಚಗೆ ಮಾಡಿ, ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ. ಅಷ್ಟೇ. ಡೆಟಾಲ್, ಸ್ಪಿರಿಟ್ ಬೇಡವೇ ಬೇಡ. ಒರೆಸುವಾಗ ಸ್ಟೋಮಾದಿಂದ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ. ನಿಲ್ಲದಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ.

ನಮ್ಮ ಕಡೆ ಕಷ್ಟ ಇರುವುದು ಒಣಗಿಸುವುದರಲ್ಲಿ. ಆಷಾಢದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ? ಹಳೇ ಪಂಚೆ ಹರಿದು ತುಂಡು ಮಾಡಿ, ಬಚ್ಚಲೊಲೆಯ ಹತ್ತಿರ ಹರವಿ ಇಡುತ್ತೇನೆ. ಉಜ್ಜದೆ, ಒತ್ತಿ ಒತ್ತಿ ಒಣಗಿಸುತ್ತೇನೆ. ಚರ್ಮ ಹಸಿಯಾಗಿದ್ದ ಕಡೆಗೆ ಮಾತ್ರ ಸ್ಟೋಮಾ ಪೌಡರ್. ಜಾಸ್ತಿಯಾದದ್ದನ್ನು ಕೊಡವದಿದ್ದರೆ ಪ್ಲೇಟ್ ಹಿಡಿಯುವುದಿಲ್ಲ.

ನನ್ನ ನರಳಾಟ ನೋಡಲಾರದೆ ಅತ್ತೆ, "ಒಂಚೂರು ಕೊಬ್ಬರಿ ಎಣ್ಣೆ ಹಚ್ಚೇ, ತಂಪಾಗ್ತದೆ" ಅಂದಿದ್ದರು. ಪ್ರೀತಿಯಿಂದ ಹೇಳಿದ್ದು, ಹಚ್ಚಿದೆ. ಸಂಜೆಯೊಳಗೆ ಪ್ಲೇಟ್ ಜಾರಿ ಹಾಸಿಗೆಯೆಲ್ಲ ಹಾಳು. ಎಣ್ಣೆ ಇದ್ದ ಕಡೆ ಅಂಟು ನಿಲ್ಲುವುದಿಲ್ಲ. ಈಗ ಅತ್ತೆಯೇ ಪ್ಲೇಟನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ ಕೊಡುತ್ತಾರೆ. ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈಯಿಂದ ಒತ್ತಿ ಹಿಡಿಯುತ್ತೇನೆ.

ಚರ್ಮ ಕೂಡಿಕೊಂಡಿತು. ಮುಂದಿನ ಮಳೆಗಾಲದಲ್ಲಿ ಸಣ್ಣ ಕೆಂಪು ಗುಳ್ಳೆ ಎದ್ದು ತುರಿಸಿದಾಗ ಪೌಡರ್ ಹಾಕಿ ಕೂರಲಿಲ್ಲ, ನೇರ ಡಾಕ್ಟರಿಗೆ ತೋರಿಸಿದೆ. ಅದು ಫಂಗಸ್, ಅದಕ್ಕೆ ಔಷಧಿಯೇ ಬೇರೆ. ಶಿವಮೊಗ್ಗದ ಬಸ್ಸು ಹತ್ತುವ ಮುಂಚೆ ಬ್ಯಾಗ್ ಖಾಲಿ ಮಾಡುತ್ತೇನೆ. ಕತ್ತರಿಸಿಟ್ಟ ಒಂದು ಪ್ಲೇಟ್, ಒಣಗಿದ ಪಂಚೆ ತುಂಡು ಯಾವಾಗಲೂ ಜೊತೆಗಿರುತ್ತದೆ.